ಹುರುಳಿಯ ಹಾದಿಯಲ್ಲಿ ಹಳದಿ ದೀಪ

ಮಾರ್ಗಶಿರ ಮಾಸವು ಕಾಲಿಟ್ಟಿತೆಂದರೆ ಅರಸೀಕೆರೆಯ ಸೀಮೆಯಲ್ಲಿ ರಸ್ತೆಯ ಬಣ್ಣವೇ ಬದಲಾಗುವುದು. ಬಾಣಾವರವನ್ನು ದಾಟಿ, ಜಾವಗಲ್ಲಿನ ಮೇಲೆ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಸಾಗುವ ಹಾದಿಯಲ್ಲಿ ಟಾರಿನ ಕಪ್ಪು ಅಲ್ಲಲ್ಲಿ ಮರೆಯಾಗಿ, ರಾಗಿಯ ಹುಲ್ಲೂ ಹುರುಳಿಯ ಒಣಬಳ್ಳಿಯೂ ಹಾಸಿಗೆಯಂತೆ ಹರಡಿಕೊಂಡಿರುತ್ತವೆ. ಊರಿಗೊಂದು ಕಣವಿದ್ದು, ಅದನ್ನು ಸಗಣಿಯಿಂದ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲನ್ನು ಉರುಳಿಸುತ್ತಿದ್ದ ಕಾಲವು ಬಹುಮಟ್ಟಿಗೆ ಹೋಯಿತು. ಎತ್ತೂ ಕಡಮೆ, ಆಳೂ ಕಡಮೆ. ಬರುವ ಹೋಗುವ ಬಸ್ಸು ಲಾರಿಗಳ ಚಕ್ರವೇ ಈಗ ರೋಣಗಲ್ಲು. ರಸ್ತೆಯಲ್ಲಿ ಒಕ್ಕಣೆ ಕೂಡದೆಂದು ಅಧಿಕಾರಿಗಳು ಎಚ್ಚರಿಸುವುದೂ, ಒಕ್ಕಣೆ ನಡೆಯುವುದೂ ವರ್ಷ ವರ್ಷವೂ ಉಂಟು. ರೈತನ ಮೇಲೆ ಸಿಡುಕಿ ಫಲವಿಲ್ಲ. ಆತನ ಸುಗ್ಗಿಗೆ ಕಾರಿನವನು ಕೂಲಿಯಿಲ್ಲದ ಆಳು.

ಇದೇ ತಿಂಗಳುಗಳು ಪ್ರವಾಸಿಗಳ ಸುಗ್ಗಿಯೂ ಹೌದು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನೂ, ಹಳೇಬೀಡಿನ ಹೊಯ್ಸಳೇಶ್ವರನೂ 2023ರಲ್ಲಿ ಸೋಮನಾಥಪುರದ ದೇವಾಲಯದೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದರು. ರಜೆ ಬಂದಿತೆಂದರೆ ಅಜ್ಜಿ ಮೊಮ್ಮಕ್ಕಳ ಸಮೇತ ಸಂಸಾರಗಳು ಸ್ವಂತ ಕಾರುಗಳಲ್ಲಿ ಹೊರಡುವುವು. ಬೆಂಗಳೂರಿನ ನುಣುಪು ರಸ್ತೆಗೆ ಒಗ್ಗಿದ ಈ ತಗ್ಗು ಕಾರುಗಳು ಹುರುಳಿಯ ಬಳ್ಳಿಯ ಮೇಲೆ ಹಾಯ್ದಾಗ ಕೆಳಗೆ ಏನಾಗುವುದೆಂಬುದು ಒಳಗೆ ಕುಳಿತವರಿಗೆ ಕಾಣದು. ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳೇ ಎಳೆಯುವಂತಹವು. ಆ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ಆಕ್ಸಲು ತಿರುಗುತ್ತ ತಿರುಗುತ್ತ, ಚರಕವು ನೂಲನ್ನು ಸುತ್ತಿಕೊಳ್ಳುವಂತೆ, ಬಳ್ಳಿಯನ್ನು ಸುತ್ತಿಕೊಳ್ಳುವುದು. ಸುತ್ತು ಬಿಗಿಯಾದಂತೆ ಪಕ್ಕದಲ್ಲಿರುವ ತೆಳ್ಳನೆಯ ವೈರೊಂದನ್ನೂ ಹಿಡಿದೆಳೆಯುವುದು.

ಅಂತಹ ಒಂದು ಸಂಸಾರವು ಜಾವಗಲ್ಲನ್ನು ದಾಟಿ ಹಳೇಬೀಡಿನ ಕಡೆಗೆ ಹೊರಟಿದೆಯೆಂದು ಭಾವಿಸಬಹುದು. ಡ್ಯಾಶ್‌ಬೋರ್ಡಿನಲ್ಲಿ, ವೃತ್ತದೊಳಗೆ ಎ.ಬಿ.ಎಸ್. ಎಂಬ ಮೂರಕ್ಷರಗಳುಳ್ಳ ಹಳದಿ ದೀಪವೊಂದು ಹೊತ್ತಿಕೊಳ್ಳುವುದು.

“ಏನೋ ಅದು, ಹೊಸ ದೀಪ?” ಎಂದು ಹಿಂದೆ ಕುಳಿತ ತಾಯಿ ಕೇಳುವರು.

“ಏನಿಲ್ಲಮ್ಮ, ಬೇಲೂರಿಗೆ ಹೋಗಿ ನೋಡಿದರಾಯಿತು” ಎಂದು ಮಗನು ಸಮಾಧಾನ ಹೇಳುವನು.

“ಬ್ರೇಕಿನದಲ್ಲವೇನ್ರೀ? ಪಕ್ಕಕ್ಕೆ ನಿಲ್ಲಿಸಿಬಿಡಿ” ಎಂದು ಹೆಂಡತಿ ಗಾಬರಿಯಾಗುವಳು.

ಇಬ್ಬರ ಮಾತಿನಲ್ಲಿಯೂ ಅರ್ಧರ್ಧ ಸತ್ಯವಿದೆ. ಬ್ರೇಕು ಹೋಗಿಲ್ಲ, ನಿಜ. ಆದರೆ ಏನೂ ಆಗಿಲ್ಲವೆಂಬುದು ಸುಳ್ಳು.

ಹಳ್ಳಿಯ ಕಲ್ಯಾಣಿಯಲ್ಲಿ ಪಾಚಿಗಟ್ಟಿದ ಮೆಟ್ಟಿಲನ್ನು ಇಳಿದು ಬಲ್ಲವರಿಗೆ ಈ ಯಂತ್ರದ ತತ್ತ್ವವನ್ನು ತಿಳಿಯುವುದು ಕಷ್ಟವಲ್ಲ. ಹೆಜ್ಜೆಯು ಕಲ್ಲನ್ನು ಕಚ್ಚಿ ಹಿಡಿದಿರುವಷ್ಟು ಹೊತ್ತು ಮನುಷ್ಯನು ತಾನು ನೆನೆದ ಕಡೆಗೆ ತಿರುಗಬಲ್ಲನು. ಕಾಲು ಒಮ್ಮೆ ಜಾರಿತೆಂದರೆ ಮೈ ಎತ್ತ ಹೊರಟಿತ್ತೋ ಅತ್ತಲೇ ಹೋಗುವುದು. ಕಾರಿನ ಚಕ್ರವೂ ಹಾಗೆಯೇ. ಉರುಳುತ್ತಿರುವ ಚಕ್ರವು ಸ್ಟಿಯರಿಂಗಿನ ಮಾತನ್ನು ಕೇಳುವುದು. ಬ್ರೇಕಿನ ಬಿಗಿತಕ್ಕೆ ಸಿಕ್ಕಿ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದ ಚಕ್ರವು ಯಾರ ಮಾತನ್ನೂ ಕೇಳದು. ಆದುದರಿಂದ ಪ್ರತಿಯೊಂದು ಚಕ್ರದ ಬಳಿಯಲ್ಲಿಯೂ ಅದರ ವೇಗವನ್ನು ಅಳೆಯುವ ಒಂದು ಸಣ್ಣ ಸೆನ್ಸರನ್ನು ಇಟ್ಟಿರುತ್ತಾರೆ. ಅದರೆದುರಿಗೆ ಚಕ್ರದೊಡನೆ ತಿರುಗುವ ಒಂದು ಬಳೆಯಿರುವುದು. ಕೆಲವು ಕಾರುಗಳಲ್ಲಿ ಆ ಬಳೆಗೆ 40–50 ಕಬ್ಬಿಣದ ಹಲ್ಲುಗಳು. ಹೊಸ ಕಾರುಗಳಲ್ಲಿ ಅದು ಬೇರಿಂಗಿನ ಅಂಚಿನಲ್ಲಿಯೇ ಅಂಟಿದ, ಕಣ್ಣಿಗೆ ಕಾಣದ ಅಯಸ್ಕಾಂತದ ಪಟ್ಟಿ. ಹಲ್ಲು ಹಾಯ್ದಂತೆಲ್ಲ ಸೆನ್ಸರಿನಿಂದ ವಿದ್ಯುತ್ತಿನ ಮಿಡಿತವೊಂದು ಹೊರಡುವುದು. ಈ ಮಿಡಿತಗಳನ್ನು ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯೊಂದು ಎಣಿಸುತ್ತಿರುವುದು. ಮೂರು ಚಕ್ರಗಳು ತಿರುಗುತ್ತಿದ್ದು ನಾಲ್ಕನೆಯದು ಥಟ್ಟನೆ ನಿಂತಿತೆಂದು ಕಂಡರೆ, ಅದೊಂದರ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುವುದು. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಈ ಸಡಿಲ ಬಿಗಿಗಳು ನಡೆಯುವುದರಿಂದಲೇ ಚಾಲಕನ ಪಾದದ ಕೆಳಗೆ ಪೆಡಲು ಗಡಗಡನೆ ನಡುಗುವುದು. ಆಗ ಹೆದರಿ ಕಾಲೆತ್ತುವವರು ಬಹಳ ಮಂದಿ. ಕಾಲೆತ್ತಕೂಡದು, ಒತ್ತಿಯೇ ಹಿಡಿದು, ಎದುರಿನ ಅಡಚಣೆಯಿಂದ ಪಕ್ಕಕ್ಕೆ ತಿರುಗಿಸತಕ್ಕದ್ದು.

ಈ ಉಪಾಯವು ಮೊದಲು ನೆಲೆಗೊಂಡುದು ವಿಮಾನಗಳಲ್ಲಿ. 1950ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪೆನಿಯ ಮ್ಯಾಕ್ಸರೆಟ್ ಎಂಬ ಸಾಧನವು ವಿಮಾನದ ಚಕ್ರಗಳನ್ನು ಜಾರದಂತೆ ಕಾಯುತ್ತಿದ್ದಿತು. 1966ರಲ್ಲಿ ಅದನ್ನೇ ಜೆನ್ಸೆನ್ ಎಂಬ ಕಾರಿಗೆ ಅಳವಡಿಸಿದರು. ವಿದ್ಯುನ್ಮಾನದ ಬುದ್ಧಿಯುಳ್ಳ ಈಗಿನ ರೂಪವನ್ನು ಜರ್ಮನಿಯ ಬಾಷ್ ಕಂಪೆನಿಯು 1978ರಲ್ಲಿ ಮರ್ಸಿಡೀಸ್ ಕಾರಿನೊಡನೆ ಹೊರತಂದಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಿಂದ ಕನ್ನಡಿಗರ ಮನೆಮಾತಾಗಿದ್ದ ಕಾರ್ಖಾನೆಯು ಇದೇ ಬಾಷ್‌ನ ಬಳಗದ್ದು. ಭಾರತದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೂ, 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯವಾಯಿತು. ಹಾಗಾಗಿ ಸಿರಿವಂತರ ಸೊತ್ತಾಗಿದ್ದ ಈ ಹಳದಿ ದೀಪವು ಇಂದು ಮಧ್ಯಮ ವರ್ಗದ ಮನೆಯ ಕಾರಿಗೂ ಬಂದಿದೆ. ದೀಪ ಬಂದಷ್ಟು ಬೇಗನೆ ಅದರ ತಿಳಿವಳಿಕೆ ಬಂದಿಲ್ಲ.

ಕಾರಿನ ಬೀಗದ ಕೈ ತಿರುಗಿಸಿದೊಡನೆ ಈ ದೀಪವು ಎರಡು ಮೂರು ಸೆಕೆಂಡು ಹೊತ್ತಿ ಆರುವುದು ಸಹಜ. ಪೆಟ್ಟಿಗೆಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಬಗೆ ಅದು. ಆರದೆ ಉಳಿದರೆ, ಅಥವಾ ನಡುದಾರಿಯಲ್ಲಿ ಹೊತ್ತಿದರೆ, ಎ.ಬಿ.ಎಸ್. ತನ್ನ ಕೆಲಸವನ್ನು ಬಿಟ್ಟುಕೊಟ್ಟಿದೆಯೆಂದು ತಿಳಿಯತಕ್ಕದ್ದು. ಪೆಡಲನ್ನು ಒತ್ತಿದರೆ ಕಾರು ಎಂದಿನಂತೆ ನಿಲ್ಲುವುದು, ಆದರೆ ಚಕ್ರವು ಬಿಗಿದು ಜಾರದಂತೆ ಕಾಯುವವರಿಲ್ಲ. ಅಂಬಾಸಿಡರನ್ನೂ ಪ್ರೀಮಿಯರ್ ಪದ್ಮಿನಿಯನ್ನೂ ನಡೆಸಿದ ಹಿರಿಯರು ಎಂದೆಂದಿಗೂ ಓಡಿಸಿದುದು ಇಂತಹ ಬ್ರೇಕಿನಿಂದಲೇ. ಚಕ್ರ ಜಾರಿತೆಂದರೆ ಕಾಲನ್ನು ತುಸು ಸಡಿಲಿಸಿ ಮತ್ತೆ ಒತ್ತುವ ಅಭ್ಯಾಸ ಅವರಿಗಿದ್ದಿತು. ಅವರ ಮಕ್ಕಳಿಗೆ ಅದಿಲ್ಲ. ಯಂತ್ರವನ್ನು ನಂಬಿ ಕಲಿತ ಪಾದವು ಯಂತ್ರವಿಲ್ಲದಾಗ ಮೋಸಹೋಗುವುದೇ ಇಲ್ಲಿನ ಅಪಾಯ.

ಹಳದಿಯೊಡನೆ ಬ್ರೇಕಿನ ಕೆಂಪು ದೀಪವೂ ಹೊತ್ತಿದರೆ ವಿಷಯವೇ ಬೇರೆ. ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿದೆಯೇ ಎಂದು ಮೊದಲು ನೋಡುವುದು. ಇಳಿದಿದ್ದೂ ಕೆಂಪು ಆರದಿದ್ದರೆ ಬ್ರೇಕ್ ಆಯಿಲ್ ಸೋರಿ ಕಡಮೆಯಾಗಿರಬಹುದು. ಇಲ್ಲವೆ ಮುಂದಿನ ಹಿಂದಿನ ಚಕ್ರಗಳಿಗೆ ಬಿಗಿತವನ್ನು ಹಂಚುವ ವ್ಯವಸ್ಥೆಯೂ ಕೆಟ್ಟಿರಬಹುದು. ಹಾಗೆ ಕೆಟ್ಟರೆ ಗಟ್ಟಿಯಾಗಿ ಬ್ರೇಕು ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಬಿಗಿದು ಕಾರಿನ ಬಾಲವು ಸುತ್ತಿಬಿಡುವುದು. ಎರಡು ದೀಪಗಳು ಕೂಡಿ ಹೊತ್ತಿದ ಕಾರನ್ನು ಅಲ್ಲಿಯೇ ನಿಲ್ಲಿಸಿ ಬೇರೆ ವಾಹನದಿಂದ ಒಯ್ಯಿಸಬೇಕಲ್ಲದೆ, ದೇವರ ಮೇಲೆ ಭಾರ ಹಾಕಿ ಓಡಿಸತಕ್ಕದ್ದಲ್ಲ.

ಹಳದಿಯೊಂದೇ ಹೊತ್ತಿದರೆ ಬೇಲೂರಿಗೆ ಹೋಗಬಹುದು. ಹಳೇಬೀಡಿನಿಂದ ಅಲ್ಲಿಗೆ ಸುಮಾರು 16 ಕಿಲೋಮೀಟರು. ವೇಗವನ್ನು ತಗ್ಗಿಸಿ, ಮುಂದಿನ ವಾಹನಕ್ಕೆ ಎಂದಿನ ಎರಡರಷ್ಟು ಅಂತರವನ್ನು ಬಿಟ್ಟು, ತಿರುವಿಗೆ ಮೊದಲೇ ನಿಧಾನಿಸಿ ಸಾಗಬೇಕು. ಆದರೆ ಬೇಲೂರಿನ ದರ್ಶನ ಮುಗಿಸಿ, ಮೂಡಿಗೆರೆ ಕೊಟ್ಟಿಗೆಹಾರಗಳ ಮೇಲೆ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೂ ಹೋಗಿಬರುವ ಸಂಕಲ್ಪವಿದ್ದವರು ಆ ಸಂಕಲ್ಪವನ್ನು ದೀಪ ಆರುವವರೆಗೆ ಮುಂದೂಡುವುದು ಲೇಸು. ಮಂಜಿನಲ್ಲಿ ತೇವವಾದ ಘಾಟಿಯ ತಿರುವುಗಳು ಹಳೆಯ ಬ್ರೇಕಿನ ಅಭ್ಯಾಸವನ್ನು ಹೊಸದಾಗಿ ಕಲಿಯುವ ಸ್ಥಳವಲ್ಲ.

ಹೋಗುವುದಕ್ಕೂ ಮೊದಲು, ಹುಲ್ಲಿನ ಹಾದಿಯಲ್ಲಿ ಈ ದೀಪವು ಹೊತ್ತಿದವರು ಒಮ್ಮೆ ನಿಲ್ಲಿಸಿ ಕಾರಿನ ಕೆಳಗೆ ಬಾಗಿ ನೋಡಲೇಬೇಕು. ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಕೂಡದು. ಒಣ ಹುರುಳಿಬಳ್ಳಿಯು ಕಾದ ಹೊಗೆಕೊಳವೆಗೆ ತಗಲಿ ಕಾರುಗಳು ಹೊತ್ತಿ ಉರಿದ ಪ್ರಸಂಗಗಳು ಕರ್ನಾಟಕದಲ್ಲಿ ಒಂದೆರಡಲ್ಲ. ಬರಿಯ ನೆಲ ಸಿಕ್ಕಿದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಮಕ್ಕಳನ್ನೂ ಹಿರಿಯರನ್ನೂ ದೂರಕ್ಕಿಳಿಸಿ ನೋಡುವುದು. ಹೊಗೆಯೋ ಸುಟ್ಟ ವಾಸನೆಯೋ ಇದ್ದರೆ ಕಾರಿನ ಮೋಹವನ್ನು ಬಿಟ್ಟು ದೂರ ಸರಿಯುವುದೇ ಸರಿ. ಅಂತಹುದೇನೂ ಇಲ್ಲದಿದ್ದರೆ, ತಣ್ಣಗಾದ ಮೇಲೆ ಬಳ್ಳಿಯನ್ನು ಚಾಕುವಿನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಒಟ್ಟಾಗಿ ಹಿಡಿದು ಎಳೆದರೆ ಉಳಿದಿದ್ದ ವೈರೂ ಅದರೊಡನೆ ಬಂದೀತು! ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ತಲೆ ಹಾಕತಕ್ಕದ್ದಲ್ಲ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಹಿಂಬದಿಯು ತಾನಾಗಿ ಕಣ್ಣಿಗೆ ಬೀಳುವುದು.

ನೋಡಬೇಕಾದುದು ಇಷ್ಟೇ. ಬ್ರೇಕಿನ ದಪ್ಪ ರಬ್ಬರು ಕೊಳವೆಯ ಪಕ್ಕದಲ್ಲಿಯೇ ತೆಳ್ಳನೆಯ ಕಪ್ಪು ವೈರೊಂದು ಚಕ್ರದ ಕಡೆಗೆ ಹೋಗಿರುವುದು. ಅದು ತುಂಡಾಗಿದೆಯೇ, ಕ್ಲಿಪ್ಪಿನಿಂದ ಕಳಚಿ ಜೋತುಬಿದ್ದಿದೆಯೇ, ಟೈರಿಗೆ ಉಜ್ಜಿ ಸವೆದಿದೆಯೇ, ಸೆನ್ಸರಿನ ಮೂತಿಗೆ ಕೆಮ್ಮಣ್ಣು ಮೆತ್ತಿದೆಯೇ? ಎಡಬಲಗಳನ್ನು ಹೋಲಿಸಿ ನೋಡಿದರೆ ವ್ಯತ್ಯಾಸವು ತಾನೇ ತೋರುವುದು. ದೀಪದ ದೋಷಗಳಲ್ಲಿ ಹೆಚ್ಚಿನ ಪಾಲು ಇಲ್ಲಿ, ಚಕ್ರದ ಬಳಿಯಲ್ಲಿಯೇ ಇರುವುದು. ಮಣ್ಣು, ನೀರು, ಕಲ್ಲೇಟುಗಳು ಬೀಳುವ ಜಾಗವೂ ಅದೇ ತಾನೆ? ಬೆಲೆಬಾಳುವ ಪೆಟ್ಟಿಗೆಯು ಮೇಲೆ ಬೆಚ್ಚಗೆ ಕುಳಿತಿರುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಸುಲಭದ ಸಂಗತಿಗಳನ್ನು ಮೊದಲು ಕಳೆಯಬೇಕು. ಹಾದಿಯಲ್ಲಿ ಪಂಕ್ಚರಾಗಿ ಸ್ಟೆಪ್ನಿಯನ್ನು ಹಾಕಿದ್ದಾರೆಯೇ? ಈಗಿನ ಹಲವು ಕಾರುಗಳ ಸ್ಟೆಪ್ನಿಯು ಉಳಿದ ನಾಲ್ಕಕ್ಕಿಂತ ಸಣ್ಣದು. ಸಣ್ಣ ಚಕ್ರವು ಹೆಚ್ಚು ಸುತ್ತು ಸುತ್ತುವುದರಿಂದ ಪೆಟ್ಟಿಗೆಯ ಲೆಕ್ಕ ತಪ್ಪಿ ದೀಪ ಹೊತ್ತಬಹುದು. ಬ್ಯಾಟರಿ ದುರ್ಬಲವಾದರೂ ಹೊತ್ತಬಹುದು. ಫ್ಯೂಸು ಹೋಗಿರಬಹುದು, ಸುಟ್ಟುದಕ್ಕೆ ಬದಲಾಗಿ ಅದೇ ಅಂಕದ ಫ್ಯೂಸನ್ನು ಹಾಕಬೇಕಲ್ಲದೆ ದೊಡ್ಡದನ್ನು ಹಾಕಕೂಡದು. ಬ್ರೇಕ್ ಆಯಿಲ್ಲಿನ ಮಟ್ಟವು ಕೆಳಗೆರೆಗಿಂತ ಇಳಿದಿದ್ದರೆ, ಸುರಿದು ತುಂಬಿಸಿ ಮರೆಯುವ ಬದಲು ಅದು ಎಲ್ಲಿ ಹೋಯಿತೆಂದು ಹುಡುಕಿಸಬೇಕು. ಎ.ಬಿ.ಎಸ್. ದೀಪದೊಡನೆ ಜಾರುವ ಕಾರಿನ ಚಿತ್ರವುಳ್ಳ ಇನ್ನೊಂದು ದೀಪವೂ ಹೊತ್ತಿದರೆ ಎರಡು ರೋಗಗಳೆಂದು ಹೆದರಬೇಕಾಗಿಲ್ಲ. ಅದೂ ಇದೇ ನಾಲ್ಕು ಸೆನ್ಸರುಗಳನ್ನು ನೆಚ್ಚಿಕೊಂಡುದು.

ಇಷ್ಟಾದ ಮೇಲೆ ಗ್ಯಾರೇಜು. ಸ್ಟಿಯರಿಂಗಿನ ಕೆಳಗೆ ಹದಿನಾರು ಮೊಳೆಗಳ ಒಂದು ಕಿಂಡಿಯಿರುವುದು. ಅದಕ್ಕೆ ಸ್ಕ್ಯಾನರನ್ನು ಜೋಡಿಸಿದರೆ ಪೆಟ್ಟಿಗೆಯು ಬರೆದಿಟ್ಟುಕೊಂಡ ದೋಷಸಂಖ್ಯೆಯನ್ನು ಓದಬಹುದು. ಅಗ್ಗದ ಸ್ಕ್ಯಾನರುಗಳಲ್ಲಿ ಹಲವು ಎಂಜಿನ್ನಿನ ದೋಷಗಳನ್ನು ಮಾತ್ರ ಓದುತ್ತವೆ. ಅವು ‘ದೋಷವಿಲ್ಲ’ ಎಂದರೆ ಬ್ರೇಕಿನಲ್ಲಿ ದೋಷವಿಲ್ಲವೆಂದು ಅರ್ಥವಲ್ಲ. ಎ.ಬಿ.ಎಸ್. ಓದಬಲ್ಲ ಸ್ಕ್ಯಾನರು ಇದೆಯೇ ಎಂದು ಮೊದಲೇ ಕೇಳುವುದು ಒಳ್ಳೆಯದು. ಬ್ರೇಕು ಮೊದಲಾದವುಗಳ ಸಂಖ್ಯೆಗಳು ‘ಸಿ’ ಅಕ್ಷರದಿಂದ ಮೊದಲಾಗುವುವು. ಬಹಳ ಕಾರುಗಳಲ್ಲಿ ಸಿ 0035 ಎಂದರೆ ಮುಂದಿನ ಎಡಚಕ್ರ, ಸಿ 0040 ಮುಂದಿನ ಬಲಚಕ್ರ, ಸಿ 0045 ಹಿಂದಿನ ಎಡಚಕ್ರ, ಸಿ 0050 ಹಿಂದಿನ ಬಲಚಕ್ರ. ತಮ್ಮದೇ ಸಂಖ್ಯೆಗಳನ್ನು ಇಟ್ಟುಕೊಂಡ ತಯಾರಕರೂ ಉಂಟು.

ಹಣ ಪೋಲಾಗುವುದು ಇಲ್ಲಿಯೇ. ಸಂಖ್ಯೆ ಬಂದೊಡನೆ “ಸೆನ್ಸರ್ ಹೋಗಿದೆ ಸಾರ್, ಹಾಕಿಬಿಡೋಣ” ಎಂಬ ಮಾತು ಕೇಳಿಬರುವುದು. ಸಂಖ್ಯೆಯು ತಿಳಿಸುವುದು ಆ ಚಕ್ರದಿಂದ ಸುದ್ದಿ ಬರುತ್ತಿಲ್ಲವೆಂದು ಮಾತ್ರ. ಓಲೆ ತಲುಪದಿದ್ದರೆ ಬರೆದವನೇ ಸತ್ತನೆಂದು ಹೇಳಲಾಗುವುದೇ? ಅಂಚೆಯವನು ದಾರಿಯಲ್ಲಿ ಬಿದ್ದಿರಬಹುದು. ವೈರು ತುಂಡಾಗಿರಬಹುದು, ಜೋಡಣೆಯಲ್ಲಿ ನೀರು ಸೇರಿ ಕಿಲುಬು ಹಿಡಿದಿರಬಹುದು, ಬಳೆಯ ಹಲ್ಲು ಮುರಿದಿರಬಹುದು. ಒಳ್ಳೆಯ ಮೆಕ್ಯಾನಿಕ್ಕು ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗವನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು, ಜೊತೆಗಾರನೊಬ್ಬನಿಂದ ಕಾರನ್ನು 20 ಕಿಲೋಮೀಟರು ವೇಗದಲ್ಲಿ ನೇರವಾಗಿ ಓಡಿಸಿ ನೋಡುವನು. ಮೂರು ಕಡೆ 20 ಎಂದು ತೋರಿ ಒಂದು ಕಡೆ ಸೊನ್ನೆಯಿದ್ದರೆ ವೈರೋ ಸೆನ್ಸರೋ ಪೂರ್ತಿ ಕಡಿದಿದೆ. ಒಂದು ಕಡೆ ಅಂಕವು ಆಗಾಗ ಬಿದ್ದು ಏಳುತ್ತಿದ್ದರೆ ಬಳೆಯು ಬಿರಿತಿದೆ, ಇಲ್ಲವೆ ಬೇರಿಂಗು ಅಲುಗುತ್ತಿದೆ. ಬಳೆ ಬಿರಿತ ಕಾರುಗಳಲ್ಲಿ ಇನ್ನೊಂದು ಗುರುತೂ ಉಂಟು. ನಿಲ್ಲುವ ಹೊತ್ತಿಗೆ ಸರಿಯಾಗಿ, ನಡಿಗೆಯ ವೇಗದಲ್ಲಿ, ಕಾರಣವಿಲ್ಲದೆ ಪೆಡಲು ಗಡಗಡಿಸುವುದು. ಹಲ್ಲು ತಪ್ಪಿದ ಕಡೆ ಚಕ್ರ ನಿಂತಿತೆಂದು ಪೆಟ್ಟಿಗೆ ಭ್ರಮಿಸಿ, ಅಗತ್ಯವಿಲ್ಲದಾಗ ಬ್ರೇಕನ್ನು ಸಡಿಲಿಸುತ್ತಿರುವುದು. ಕೆಲವು ವೇಳೆ ದೀಪ ಹೊತ್ತದೆಯೂ ಹೀಗಾಗುವುದುಂಟು. ಇದನ್ನು ಉದಾಸೀನ ಮಾಡಕೂಡದು.

ಮಲ್ಟಿಮೀಟರಿನಿಂದ ಅಳೆಯುವ ಪದ್ಧತಿಯೂ ಇದೆ. ಹಳೆಯ ಬಗೆಯ, ಸುರುಳಿಯುಳ್ಳ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್‌ಗಳ ಆಸುಪಾಸಿನ ಅಂಕ ತೋರುವುದು. ಅನುಮಾನವಿದ್ದರೆ ಆಚೆ ಪಕ್ಕದ ಒಳ್ಳೆಯ ಸೆನ್ಸರನ್ನು ಅಳೆದು ಹೋಲಿಸಬಹುದು. ಹೊಸ ಬಗೆಯದಕ್ಕೆ ಈ ಪರೀಕ್ಷೆ ಒಗ್ಗದು. ಅದು ಪೆಟ್ಟಿಗೆಯಿಂದ ವಿದ್ಯುತ್ತನ್ನು ಪಡೆದು ದುಡಿಯುವಂತಹುದು. ಓಮ್ ಅಳೆದು ತೀರ್ಪು ಹೇಳಿದರೆ ನಿರಪರಾಧಿಗೆ ಶಿಕ್ಷೆಯಾದೀತು.

ಬೇರಿಂಗು ಬದಲಾಯಿಸಿದ ಮರುದಿನವೇ ದೀಪ ಹೊತ್ತಿದವರಿಗೆ ಒಂದು ವಿಶೇಷ ಸೂಚನೆಯುಂಟು. ಅಯಸ್ಕಾಂತದ ಪಟ್ಟಿಯುಳ್ಳ ಬೇರಿಂಗಿಗೆ ಮುಖವೂ ಬೆನ್ನೂ ಇವೆ. ಪಟ್ಟಿಯ ಮುಖವು ಸೆನ್ಸರಿನ ಕಡೆಗಿರಬೇಕು. ತಿರುಗಾಮುರುಗಾ ಕೂರಿಸಿದರೆ ಚಕ್ರವು ಸೊಗಸಾಗಿ ತಿರುಗುವುದು, ಸೆನ್ಸರಿಗೆ ಮಾತ್ರ ಏನೂ ಕಾಣದು. ಅಲ್ಲಿ ಎಷ್ಟು ಹೊಸ ಸೆನ್ಸರುಗಳನ್ನು ಹಾಕಿದರೂ ದೀಪ ಆರದು.

ಹುಲ್ಲಿಗೆ ಸಿಕ್ಕಿ ವೈರು ತುಂಡಾಗಿದ್ದರೆ, ಎರಡು ತುದಿಗಳನ್ನು ಹೊಸೆದು ಟೇಪು ಸುತ್ತುವ ಚಿಕಿತ್ಸೆಯು ಮೊದಲ ಮಳೆಯವರೆಗೆ ಬಂದರೆ ಹೆಚ್ಚು. ಅಲ್ಲಿನ ವೈರು ಸ್ಟಿಯರಿಂಗು ತಿರುಗಿದಾಗಲೆಲ್ಲ ಬಾಗುವುದು, ಚಕ್ರವು ಗುಂಡಿಗಿಳಿದಾಗಲೆಲ್ಲ ಹಿಗ್ಗುವುದು. ಸೆನ್ಸರು ವೈರು ಕೂಡಿಯೇ ಬರುವ ಭಾಗವನ್ನು ಹೊಸದಾಗಿ ಹಾಕಿಸುವುದೇ ಲೇಸು. ಇಡೀ ಪೆಟ್ಟಿಗೆಯ ಬೆಲೆಯೆದುರು ಇದರ ಬೆಲೆ ಅಲ್ಪ. ಹಾಕುವ ಮೊದಲು ಸೆನ್ಸರು ಕೂರುವ ಕುಳಿಯ ತುಕ್ಕನ್ನು ಕೆರೆದು ತೆಗೆಯಬೇಕು. ಇಲ್ಲವಾದರೆ ಅದು ಓರೆಯಾಗಿ ಕುಳಿತು ಬಳೆಯಿಂದ ದೂರ ಸರಿಯುವುದು. ಎರಡರ ನಡುವಣ ಸಂದು ಬಹಳ ಕಾರುಗಳಲ್ಲಿ ಒಂದು ಮಿಲಿಮೀಟರಿನ ಸುಮಾರು ಮಾತ್ರ. ವೈರು ಮೊದಲಿದ್ದ ಕ್ಲಿಪ್ಪುಗಳಲ್ಲಿಯೇ ಹಾಯಬೇಕು. ಕೆಲಸ ಮುಗಿದ ಮೇಲೆ ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ವೈರು ಬಿಗಿಯುವುದೂ ಉಜ್ಜುವುದೂ ಇಲ್ಲವೆಂದು ಕಣ್ಣಾರೆ ನೋಡತಕ್ಕದ್ದು. ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂಬ ಸಲಹೆ ಬಂದರೆ ನಾಲ್ಕು ಚಕ್ರಗಳ ವೇಗವನ್ನು ತೋರಿಸಿರೆಂದು ಕೇಳುವ ಹಕ್ಕು ಯಜಮಾನನಿಗುಂಟು. ಪೆಟ್ಟಿಗೆಯೂ ಕೆಡುವುದುಂಟು, ಆದರೆ ಉಳಿದುದೆಲ್ಲ ನಿರ್ದೋಷಿಯೆಂದು ತೋರಿಬಂದ ಮೇಲೆಯೇ ಅದರ ಸರದಿ.

ದೋಷಸಂಖ್ಯೆಯನ್ನು ಅಳಿಸಿದೊಡನೆ ದೀಪ ಆರುವುದು. ಅಷ್ಟಕ್ಕೇ ಹಣ ಕೊಟ್ಟು ಹೊರಡಬಾರದು. ಪೆಟ್ಟಿಗೆಯು ಚಕ್ರಗಳ ಸುದ್ದಿಯನ್ನು ಮತ್ತೆ ಪರೀಕ್ಷಿಸುವುದು ಕಾರು ಸ್ವಲ್ಪ ವೇಗ ಪಡೆದ ಮೇಲೆಯೇ. ದೋಷವು ಉಳಿದಿದ್ದರೆ ಗ್ಯಾರೇಜಿನ ಬಾಗಿಲಿನಲ್ಲಿ ಆರಿದ ದೀಪವು ಊರ ಹೊರಗೆ ಮತ್ತೆ ಹೊತ್ತುವುದು. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಮೈಲಿ ಓಡಿಸಿ ಬರಬೇಕು. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, 30 ಕಿಲೋಮೀಟರು ವೇಗದಲ್ಲಿ, ಒಮ್ಮೆ ಗಟ್ಟಿಯಾಗಿ ಬ್ರೇಕು ಒತ್ತಿದರೆ ಪಾದದ ಕೆಳಗೆ ಆ ನಡುಕವು ತಿಳಿಯುವುದು. ಹಿಂತಿರುಗುವಾಗ ಅದೇ ಹುಲ್ಲಿನ ಹಾದಿ ಎದುರಾದರೆ, ಬಿಟ್ಟ ಅಂಚಿನಲ್ಲಿ ನಿಧಾನವಾಗಿ ಹಾಯುವುದು. ಎ.ಬಿ.ಎಸ್. ಸರಿಯಾದ ಧೈರ್ಯದಿಂದ ಒಣಹುಲ್ಲಿನ ಮೇಲೆ ವೇಗವಾಗಿ ಹೋಗಕೂಡದು. ಸಡಿಲ ನೆಲದಲ್ಲಿ ಅದು ಕಾರನ್ನು ಬೇಗ ನಿಲ್ಲಿಸದು, ಕೆಲವು ವೇಳೆ ತಡವಾಗಿಯೇ ನಿಲ್ಲಿಸುವುದು. ತಿರುಗಿಸುವ ಸ್ವಾತಂತ್ರ್ಯವನ್ನು ಮಾತ್ರ ಉಳಿಸಿಕೊಡುವುದು.

ಹಳೆಯ ಕಾರನ್ನು ಕೊಳ್ಳಹೊರಟವರಿಗೆ ಇನ್ನೊಂದು ಮಾತು. ರಿಪೇರಿಯ ಬದಲು ದೀಪವನ್ನೇ ಕುರುಡುಮಾಡಿ ಮಾರುವವರಿದ್ದಾರೆ. ಮೇಲೊಂದು ಕರಿಯ ಟೇಪಿನ ಚೂರನ್ನು ಅಂಟಿಸಿದರೂ ಸಾಕು, ಬೆಳಕು ಕಾಣದು. ಬೀಗದ ಕೈ ತಿರುಗಿಸಿದಾಗ ಹಳದಿ ದೀಪವು ಆ ಎರಡು ಮೂರು ಸೆಕೆಂಡಾದರೂ ಹೊತ್ತಲೇಬೇಕು. ಹೊತ್ತದಿದ್ದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ನಾಲ್ಕು ಚಕ್ರಗಳ ಹಿಂದಿನ ವೈರುಗಳನ್ನೂ ಬಗ್ಗಿ ನೋಡುವುದು.